ಮ್ಯಾಚ್‌ಲೆಸ್ ಡಿಸಿ-30, ಡಾ. ಝೀ ಮ್ಯಾಝ್ 18: ಊರಿಗೆ ಯಾವ ಗಿಟಾರ್ ಆಂಪ್ಲಿಫೈಯರ್ ತರಲಿ?

ಒಂಟಿಕೊಪ್ಪಲು_ಟೆಲಿ:

ಎಲ್ಲರಿಗೂ ನಮಸ್ಕಾರ. ಉದ್ದ ಬರೆಯುತ್ತೇನೆ, ಬೈಕೋಬೇಡಿ.

ನಾನು ಮೈಸೂರಿನವನು. ಒಂಬತ್ತು ವರ್ಷದಿಂದ ಅಮೆರಿಕದ ಕ್ಲೀವ್‌ಲ್ಯಾಂಡ್ ಪಕ್ಕದಲ್ಲಿದ್ದೇನೆ. ಬರುವ ಜೂನ್‌ಗೆ ಮನೆ ಖಾಲಿ ಮಾಡಿ ಊರಿಗೆ ವಾಪಸ್. ಸಾಮಾನೆಲ್ಲ ಹಡಗಿನಲ್ಲಿ ಬರುತ್ತೆ. ಹೆಂಡತಿ ಲೆಕ್ಕ ಹಾಕಿ ಹೇಳಿಬಿಟ್ಟಿದ್ದಾಳೆ: ಗಿಟಾರ್ ಕಡೆಯಿಂದ ಒಂದೇ ಒಂದು ಭಾರದ ಡಬ್ಬ. ಎರಡನೆಯದು ಇಟ್ಟರೆ ಅವಳ ಇಡ್ಲಿ ಗ್ರೈಂಡರ್‌ಗೆ ಜಾಗ ಇರಲ್ಲ. ಆ ಗ್ರೈಂಡರ್ 110 ವೋಲ್ಟಿನದು, ಮೈಸೂರಿನ ಪ್ಲಗ್ಗಿಗೆ ಹಾಕಿದ ದಿನವೇ ಹೊಗೆ ಬರುತ್ತೆ ಅಂತ ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ. ಅದು ಬೇರೆ ವಿಷಯ.

ನನ್ನದು ಟೆಲಿಕಾಸ್ಟರ್ ಅನ್ನೋ ಎಲೆಕ್ಟ್ರಿಕ್ ಗಿಟಾರ್. ಪೆಡಲ್ ಅಂತ ಇರುವುದು ಒಂದು ಟ್ಯೂನರ್, ಒಂದು ಲೂಪರ್ (ನುಡಿಸಿದ್ದನ್ನು ಹಿಡಿದಿಟ್ಟು ಮತ್ತೆ ಮತ್ತೆ ಕೇಳಿಸುವುದು), ಅಷ್ಟೇ. ಕಾಲೇಜಿನಲ್ಲಿ ಬ್ಯಾಂಡ್ ಇತ್ತು, ಈಗ ಮಗಳು ಮಲಗಿದ ಮೇಲೆ ಅರ್ಧ ಗಂಟೆ. ಇಷ್ಟು ವರ್ಷ ಸಣ್ಣಪುಟ್ಟ ಆಂಪ್‌ಗಳಲ್ಲೇ ಕಾಲ ಹಾಕಿದೆ. ಹೋಗುವ ಮುಂಚೆ ಒಂದು ಒಳ್ಳೆಯ ಟ್ಯೂಬ್ ಆಂಪ್ (ಟ್ರಾನ್ಸಿಸ್ಟರ್ ಬದಲು ಗಾಜಿನ ಟ್ಯೂಬ್ ಇರುವುದು) ತೆಗೆದುಕೊಳ್ಳಬೇಕು, ಊರಲ್ಲಿ ಹುಡುಕಿದರೆ ಸಿಗಲ್ಲ ಅಂತ ಆಸೆ. ಸೆಕೆಂಡ್ ಹ್ಯಾಂಡಿನಲ್ಲಿ ಎರಡು ಕಣ್ಣಿಗೆ ಬಿದ್ದಿವೆ.

ಮೊದಲನೆಯದು ಮ್ಯಾಚ್‌ಲೆಸ್ ಡಿಸಿ-30. ಎರಡು ಗಂಟೆ ದೂರದ ಒಂದು ಅಂಗಡಿಯಲ್ಲಿದೆ. ನಾಲ್ಕು ಇಎಲ್84 ಪವರ್ ಟ್ಯೂಬ್, 30 ವಾಟ್, ಎರಡು 12 ಇಂಚಿನ ಸ್ಪೀಕರ್. ಸ್ವಿಚ್ ಹಾಕಿದರೆ ಹೆಸರು ಹಿಂದಿನಿಂದ ದೀಪ ಹಚ್ಚಿದ ಹಾಗೆ ಬೆಳಗುತ್ತೆ, ಗಣಪತಿ ಪೆಂಡಾಲ್ ನೆನಪಾಯಿತು. ಮೊದಲ ಚಾನೆಲ್‌ನಲ್ಲಿ ಒಂದು ಜಿ ಕಾರ್ಡ್ ಹೊಡೆದೆ. ಆರು ತಂತಿ ಆರು ಕಡೆಯಿಂದ ಬಂದ ಹಾಗೆ ಕೇಳಿಸಿತು. ಒಂದಕ್ಕೊಂದು ಅಂಟಿಕೊಳ್ಳಲೇ ಇಲ್ಲ. ಎರಡನೇ ಚಾನೆಲ್‌ನಲ್ಲಿ ಇಎಫ್86 ಟ್ಯೂಬ್ ಇದೆ, ಟೋನ್‌ಗೆ ಆರು ಹಂತದ ತಿರುಗುವ ಸ್ವಿಚ್. ಅಲ್ಲಿ ಒಂದೇ ಸ್ವರ ಹಿಡಿದು ನಿಂತೆ. ಕಾಯಿಸಿದ ಬೆಲ್ಲದ ಪಾಕದ ಹಾಗೆ ದಪ್ಪಗೆ ಬಂತು. ಅಂಗಡಿ ಹುಡುಗ ನನ್ನ ಮುಖ ನೋಡಿ ನಕ್ಕ. ಬೆಲೆ ಕೇಳಿ ನಾನು ಅಳುವುದೊಂದು ಬಾಕಿ.

ಎರಡನೆಯದು ಡಾ. ಝೀ ಮ್ಯಾಝ್ 18 ಜೂನಿಯರ್. ಆಫೀಸಿನ ಸ್ನೇಹಿತ ಮಾರುತ್ತಿದ್ದಾನೆ. ಎರಡು ಇಎಲ್84, 18 ವಾಟ್, ಒಂದು 12 ಇಂಚಿನ ಸ್ಪೀಕರ್, ರಿವರ್ಬ್ (ದೊಡ್ಡ ಕೋಣೆಯಲ್ಲಿ ನುಡಿಸಿದ ಹಾಗೆ ದನಿ ಅನುರಣಿಸುವ ಸೌಲಭ್ಯ) ಇದೆ. ಸ್ಪೀಕರ್ ಬದಲಾಯಿಸಿ ಸೆಲೆಶನ್ ಕಂಪನಿಯ ವಿಂಟೇಜ್ 30 ಹಾಕಿಸಿದ್ದಾನಂತೆ. ಈ ಕಂಪನಿ ನಮ್ಮ ಕ್ಲೀವ್‌ಲ್ಯಾಂಡಿನದೇ, 1988ರಲ್ಲಿ ಮೈಕ್ ಝೈಟ್ ಶುರು ಮಾಡಿದ್ದು. ಹಾಗಾಗಿ ಒಂಬತ್ತು ವರ್ಷದ ಊರಿನ ನೆನಪಿಗೆ ಒಂದು ವಸ್ತು ಅನ್ನೋ ಮಮಕಾರವೂ ಇದೆ. ಅವನ ಮನೆ ಬೇಸ್‌ಮೆಂಟಿನಲ್ಲಿ ನುಡಿಸಿದೆ. ಮೊದಲ ಹತ್ತು ನಿಮಿಷ ನಿರಾಸೆ. ತೆಳ್ಳಗಿತ್ತು. ಮೇಲಿನ ಸ್ವರ ಕಿವಿಗೆ ಚುಚ್ಚುತ್ತಿತ್ತು. ಡಿಸಿ-30ರ ಗಾಂಭೀರ್ಯ ಎಲ್ಲಿ, ಇದೆಲ್ಲಿ ಅನ್ನಿಸಿತು.

ಆದರೆ ವಿಚಿತ್ರ ನೋಡಿ. ಇದರ ಮುಂದೆ ಒಂದೂಕಾಲು ಗಂಟೆ ಕೂತಿದ್ದೆ. ಗಿಟಾರಿನ ವಾಲ್ಯೂಮ್ 10ರಿಂದ 6ಕ್ಕೆ ಇಳಿಸಿದರೆ ಒರಟು ದನಿ ತಾನಾಗಿ ತಿಳಿಯಾಗುತ್ತೆ. ಬೆರಳು ಮೆತ್ತಗೆ ಇಟ್ಟರೆ ಮೆತ್ತಗೆ, ಗಟ್ಟಿ ಹೊಡೆದರೆ ಸಿಟ್ಟು. ಡಿಸಿ-30 ಮುಂದೆ ನಾನು ಪರೀಕ್ಷೆಗೆ ಕೂತ ಹುಡುಗನ ಹಾಗಿದ್ದೆ. ಒಂದು ತಂತಿ ತಪ್ಪಿದರೂ ಎಲ್ಲರಿಗೂ ಕೇಳುತ್ತೆ. ಮ್ಯಾಝ್ ಮುಂದೆ ಮನೆಯಲ್ಲಿ ಲುಂಗಿ ಉಟ್ಟು ಕೂತ ಹಾಗೆ.

ನನ್ನ ಪ್ರಶ್ನೆ: ನಾನು ಕೇಳಿದ್ದು ಆಂಪ್‌ಗಳ ವ್ಯತ್ಯಾಸವಾ, ಅಥವಾ ಅಂಗಡಿಗೂ ಬೇಸ್‌ಮೆಂಟಿಗೂ ಇರುವ ವ್ಯತ್ಯಾಸವಾ? ಯೂಟ್ಯೂಬ್ ಹೋಲಿಕೆ ನೋಡಿ ಹಿಂದೊಮ್ಮೆ ಒಂದು ಆಂಪ್ ಕೊಂಡು ಮೂರ್ಖನಾಗಿದ್ದೇನೆ, ದಯವಿಟ್ಟು ಲಿಂಕ್ ಹಾಕಬೇಡಿ. ಎರಡನ್ನೂ ಕೈಯಾರೆ ನುಡಿಸಿದವರು ಯಾರಾದರೂ ಇದ್ದರೆ ಹೇಳಿ. ಮೈಸೂರಿನ 230 ವೋಲ್ಟಿಗೆ ಇವು ಹೊಂದುತ್ತವಾ ಅನ್ನೋದೂ ಗೊತ್ತಾಗಬೇಕು. ಅಲ್ಲಿ ಮನೆ ಚಿಕ್ಕದು, ಮೇಲೆ ಅಮ್ಮ ಇರುತ್ತಾರೆ, ಪಕ್ಕದ ಮನೆ ಗೋಡೆ ಮೂರು ಅಡಿ ಆಚೆ.

ಇಂಜಿನ್_ರೂಮ್:

ಗುರು, ಒಂದು ಮಾಡೆಲರ್ (ಆಂಪ್‌ಗಳ ದನಿ ಅನುಕರಿಸುವ ಡಿಜಿಟಲ್ ಡಬ್ಬ) ತಗೋ, ಒಂದು ಹೆಡ್‌ಫೋನ್ ತಗೋ. ಎರಡೂ ಆಂಪು ಅದರೊಳಗೇ ಇರುತ್ತೆ. ಡಬ್ಬವೂ ಉಳೀತು, ಗ್ರೈಂಡರೂ ಉಳೀತು, ಸಂಸಾರವೂ ಉಳೀತು.

ವಾಲ್ವ್_ಮೇಷ್ಟ್ರು:

ಮೇಲಿನವರ ಸಲಹೆ ತಪ್ಪೇನಲ್ಲ. ಆದರೆ ಊಟದ ಬಗ್ಗೆ ಕೇಳಿದವನಿಗೆ ವಿಟಮಿನ್ ಮಾತ್ರೆ ಬರೆದುಕೊಟ್ಟ ಹಾಗಾಯಿತು.

ನಾನು ಬೆಂಗಳೂರಿನ ಜಾಲಹಳ್ಳಿ ಕಡೆಯವನು. ರೇಡಿಯೋ ರಿಪೇರಿಯಿಂದ ಶುರು ಮಾಡಿ ಈಗ ಗಿಟಾರ್ ಆಂಪ್‌ಗಳನ್ನೂ ನೋಡುತ್ತೇನೆ. ನೀವು ಟ್ಯೂಬ್ ಅನ್ನುವುದನ್ನು ನಾವು ವಾಲ್ವ್ ಅಂತಲೇ ಕರೆದು ಬೆಳೆದವರು. ನಿಮ್ಮ ಎರಡೂ ಆಂಪ್‌ಗಳ ಹೊಟ್ಟೆಯಲ್ಲಿರುವ ಇಎಲ್84 ನಮಗೆ ಹೊಸದಲ್ಲ. ಹಳೆಯ ವಾಲ್ವ್ ರೇಡಿಯೋಗಳಲ್ಲಿ ಸ್ಪೀಕರ್ ನಡೆಸುತ್ತಿದ್ದದ್ದು ಇದೇ. ನಮ್ಮ ಬಿಇಎಲ್ ಕಾರ್ಖಾನೆ 1961ರಲ್ಲಿ ರಿಸೀವಿಂಗ್ ವಾಲ್ವ್ ಮಾಡಲು ಶುರು ಮಾಡಿತು. ಬಿಇಎಲ್ ಮುದ್ರೆಯ ಇಎಲ್84 ನನ್ನ ಡ್ರಾಯರಿನಲ್ಲಿ ಇನ್ನೂ ನಾಲ್ಕು ಇವೆ. ಮಾರಾಟಕ್ಕಿಲ್ಲ, ಕೇಳಬೇಡಿ.

ಈಗ ನಿಮ್ಮ ಪ್ರಶ್ನೆ. ಎರಡೂ ಒಂದೇ ಮನೆತನದವು. ಅಜ್ಜ ಇಂಗ್ಲೆಂಡಿನ ವಾಕ್ಸ್ ಎಸಿ30. ಅದೇ ನಾಲ್ಕು ಇಎಲ್84, ಅದೇ ಕ್ಯಾಥೋಡ್ ಬಯಾಸ್ (ವಾಲ್ವ್ ತನ್ನ ಕರೆಂಟನ್ನು ತಾನೇ ಹದದಲ್ಲಿಡುವ ಜೋಡಣೆ), ಅದೇ ಜಿಝಡ್34 ರೆಕ್ಟಿಫೈಯರ್ (ಎಸಿ ಕರೆಂಟನ್ನು ಡಿಸಿ ಮಾಡುವ ವಾಲ್ವ್). 1989ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮಾರ್ಕ್ ಸ್ಯಾಂಪ್ಸನ್ ಮತ್ತು ರಿಕ್ ಪೆರೊಟ್ಟಾ ಮ್ಯಾಚ್‌ಲೆಸ್ ಶುರು ಮಾಡಿದಾಗ ಅವರಿಗೆ ಬೇಕಾಗಿದ್ದು ಊರೂರು ಸುತ್ತಿದರೂ ಕೈಕೊಡದ ಒಂದು ಎಸಿ30. ಅದಕ್ಕೇ ಡಿಸಿ-30 ಒಳಗೆ ಪ್ರಿಂಟೆಡ್ ಬೋರ್ಡ್ ಇಲ್ಲ, ವೈರು ವೈರಿಗೆ ಕೈಯಿಂದ ಬೆಸುಗೆ. ಮ್ಯಾಝ್ 18 ಅದೇ ಅಜ್ಜನ ಇನ್ನೊಬ್ಬ ಮೊಮ್ಮಗ. ಇದರ ಪವರ್ ಭಾಗ ಇಂಗ್ಲೆಂಡ್ ಕಡೆ, ಮುಂದಿನ ಟ್ರೆಬಲ್, ಮಿಡ್, ಬಾಸ್ ಮೂರು ಗುಬುಟು ಮತ್ತು ರಿವರ್ಬ್ ಅಮೆರಿಕದ ಕಡೆ.

ಹಾಗಿದ್ದಮೇಲೆ ನಿಮಗೆ ಇಷ್ಟು ದೊಡ್ಡ ವ್ಯತ್ಯಾಸ ಎಲ್ಲಿಂದ ಕೇಳಿಸಿತು? ಮೊದಲ ಅನುಮಾನ ಸ್ಪೀಕರ್ ಮೇಲೆ. ಡಿಸಿ-30ಯಲ್ಲಿ ಇರುವುದು ಎರಡು ಬೇರೆ ಬೇರೆ ಸೆಲೆಶನ್. ಒಂದು ಗ್ರೀನ್‌ಬ್ಯಾಕ್, ಇನ್ನೊಂದು ಜಿ12ಎಚ್. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತೆ. ಎರಡು ಸ್ಪೀಕರ್, ದೊಡ್ಡ ಪೆಟ್ಟಿಗೆ, ಹಾಗಾಗಿ ತಗ್ಗಿನ ಸ್ವರ ತುಂಬಿಕೊಂಡು ಬರುತ್ತೆ. ನಿಮ್ಮ ಸ್ನೇಹಿತರ ವಿಂಟೇಜ್ 30 ಮಧ್ಯಮದ ಮೇಲ್ಭಾಗದಲ್ಲಿ ಎದೆ ಉಬ್ಬಿಸಿ ನಿಲ್ಲುವ ಸ್ಪೀಕರ್. ಗದ್ದಲದ ಬ್ಯಾಂಡಿನಲ್ಲಿ ಅದೇ ಬೇಕು. ಟೆಲಿಕಾಸ್ಟರಿನ ತೀಕ್ಷ್ಣ ದನಿಯ ಬ್ರಿಡ್ಜ್ ಪಿಕಪ್ ಜೊತೆ ತಗ್ಗಿನ ಛಾವಣಿಯ ಬೇಸ್‌ಮೆಂಟಿನಲ್ಲಿ ಚುಚ್ಚದೆ ಇನ್ನೇನು ಮಾಡೀತು? ನೀವು ಸ್ಪೀಕರಿಗೆ ಬೈಯಬೇಕಾದ್ದನ್ನು ಆಂಪಿಗೆ ಬೈದಿದ್ದೀರಿ.

ಎರಡನೇ ಅನುಮಾನ ಜೋರಿನ ಮೇಲೆ. 30 ವಾಟ್ ಮತ್ತು 18 ವಾಟ್ ನಡುವೆ ಕಾಗದದ ಮೇಲೆ ಬರೀ 2.2 ಡೆಸಿಬೆಲ್ ವ್ಯತ್ಯಾಸ. ಅರ್ಧದಷ್ಟು ಜೋರು ಅಂತ ತುಂಬಾ ಜನ ತಿಳಿದಿದ್ದಾರೆ, ಖಂಡಿತ ಅಲ್ಲ. ಆದರೆ ಕಿವಿಗೆ ಈ ಸಣ್ಣ ವ್ಯತ್ಯಾಸವೇ ಮೋಸ ಮಾಡುತ್ತೆ. 1933ರಲ್ಲಿ ಬೆಲ್ ಲ್ಯಾಬಿನ ಫ್ಲೆಚರ್ ಮತ್ತು ಮನ್ಸನ್ ಇದನ್ನು ಅಳೆದು ತೋರಿಸಿದ್ದಾರೆ. ಸದ್ದು ತಗ್ಗಿದರೆ ಕಿವಿಗೆ ಮೊದಲು ಕಡಿಮೆಯಾಗುವುದು ಕೆಳಗಿನ ಸ್ವರ. ಸ್ವಲ್ಪ ಜೋರಾಗಿದ್ದದ್ದು ತುಂಬಿದಂತೆ ಕೇಳುತ್ತೆ, ನಾವು ಅದನ್ನು "ಒಳ್ಳೆಯ ಟೋನ್" ಅಂತ ಕರೆಯುತ್ತೇವೆ. ಅಂಗಡಿಯವರಿಗೆ ಇದು ಚೆನ್ನಾಗಿ ಗೊತ್ತು.

ಮೂರನೆಯದು ನಿಮ್ಮ ನೆನಪು. ಅಂಗಡಿಗೂ ಬೇಸ್‌ಮೆಂಟಿಗೂ ನಡುವೆ ಎಷ್ಟು ದಿನ ಆಯಿತು? ದನಿಯ ಸೂಕ್ಷ್ಮ ಕೆಲವು ಸೆಕೆಂಡ್ ಮಾತ್ರ ತಲೆಯಲ್ಲಿ ನಿಲ್ಲುತ್ತೆ. ಆಮೇಲೆ ಉಳಿಯುವುದು ಅದಕ್ಕೆ ನಾವಿಟ್ಟ ಹೆಸರು: ಬೆಲ್ಲದ ಪಾಕ, ಗಾಂಭೀರ್ಯ, ಇತ್ಯಾದಿ.

ಹೀಗೆ ಮಾಡಿ. ಗ್ರೀನ್‌ಬ್ಯಾಕ್ ಇರುವ 8 ಓಮಿನ ಒಂದು ಸ್ಪೀಕರ್ ಪೆಟ್ಟಿಗೆ ಯಾರಿಂದಾದರೂ ಎರವಲು ತನ್ನಿ. ಸ್ನೇಹಿತನನ್ನು ಒಪ್ಪಿಸಿ ಮ್ಯಾಝ್ ಅನ್ನು ಅಂಗಡಿಗೇ ಹೊತ್ತು ಒಯ್ಯಿರಿ. ಎರಡೂ ಆಂಪ್‌ಗಳ ಸ್ವಂತ ಸ್ಪೀಕರ್ ಬಿಚ್ಚಿ, ಒಂದಾದ ಮೇಲೆ ಒಂದನ್ನು ಈ ಪೆಟ್ಟಿಗೆಗೆ ಹಾಕಿ. ಆಂಪ್ ಹಿಂದೆ ಓಮ್ ಸರಿಯಾಗಿ ಇಟ್ಟಿದೆಯಾ ನೋಡಿ. ನಿಮ್ಮ ಬಳಿ ಲೂಪರ್ ಇದೆ ಅಂದಿರಿ, ಒಳ್ಳೆಯದಾಯಿತು. ಒಂದು ತುಣುಕು ನುಡಿಸಿ ಅದರಲ್ಲಿ ಹಿಡಿದಿಡಿ, ಆಗ ಎರಡೂ ಆಂಪಿಗೆ ಹೋಗುವುದು ಅದೇ ಹೊಡೆತ. ಫೋನಿನಲ್ಲಿ ಡೆಸಿಬೆಲ್ ಮೀಟರ್ ಇಟ್ಟು ಎರಡನ್ನೂ ಒಂದೇ ಮಟ್ಟಕ್ಕೆ ತನ್ನಿ. ನೀವು ಬೆನ್ನು ತಿರುಗಿಸಿ ಕೂತುಕೊಳ್ಳಿ, ಬೇರೆಯವರು ಬದಲಾಯಿಸಲಿ.

ಎರಡು ಎಚ್ಚರಿಕೆ. ಸ್ಪೀಕರ್ ಇಲ್ಲದೆ ವಾಲ್ವ್ ಆಂಪ್ ಚಾಲೂ ಮಾಡಿ ನುಡಿಸಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗುತ್ತೆ. ವೈರ್ ಬದಲಾಯಿಸುವ ಮುಂಚೆ ಆರಿಸಿ. ಇನ್ನೊಂದು, ಗ್ರೀನ್‌ಬ್ಯಾಕ್ ತಡೆಯುವುದು 25 ವಾಟ್. ಡಿಸಿ-30 ಅನ್ನು ಪೂರ್ತಿ ಬಿಟ್ಟರೆ ಎರವಲು ತಂದ ಸ್ಪೀಕರಿನ ಕಾಯಿಲ್ ಸುಟ್ಟು ವಾಪಸ್ ಕೊಡಬೇಕಾಗುತ್ತೆ.

ಅಂದಹಾಗೆ, ಅಂಗಡಿಯಲ್ಲಿ "ಶುದ್ಧ ಕ್ಲಾಸ್ ಎ" (ಪವರ್ ವಾಲ್ವ್‌ಗಳಲ್ಲಿ ಸದಾ ಕರೆಂಟ್ ಹರಿಯುವ ಬಗೆ) ಅಂತ ಹೇಳಿರುತ್ತಾರೆ. ನಕ್ಕು ಸುಮ್ಮನಾಗಿ. ಒಂದು ಇಎಲ್84 ತಾಳುವ ಶಾಖ 12 ವಾಟ್. ನಾಲ್ಕಕ್ಕೆ 48. ನಿಜವಾದ ಕ್ಲಾಸ್ ಎ ಆದರೆ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗೆ ಬರಲ್ಲ, 24. ಮಿಕ್ಕ 6 ವಾಟ್ ಎಲ್ಲಿಂದ ಬಂತು? ಜೋರಾಗಿ ನುಡಿಸುವಾಗ ಇವು ಕ್ಲಾಸ್ ಎಬಿಗೆ (ವಾಲ್ವ್‌ಗಳು ಸರದಿಯಲ್ಲಿ ಸ್ವಲ್ಪ ಹೊತ್ತು ಸುಮ್ಮನಿರುವ ಬಗೆಗೆ) ಜಾರುತ್ತವೆ. ಅದರಲ್ಲಿ ನಾಚಿಕೆ ಏನಿಲ್ಲ, ದನಿ ಚೆನ್ನಾಗಿದ್ದರೆ ಆಯಿತು.

ವೋಲ್ಟೇಜ್ ಬಗ್ಗೆ ಆಮೇಲೆ ಬರೆಯುತ್ತೇನೆ. ಈಗ ಕರೆಂಟ್ ಹೋಯಿತು.

ಸಾಧನಕೇರಿ:

ಮೇಷ್ಟ್ರು ಹೇಳಿದ್ದೆಲ್ಲ ಸರಿ. ಆದರೆ ಒಂದು ಸಣ್ಣ ತಕರಾರು ತೆಗೆಯುತ್ತೇನೆ.

ನಾನು ಧಾರವಾಡದವಳು, ಈಗ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ನಾಟಕದ ಸಂಗೀತ ತಂಡಗಳಲ್ಲಿ ಗಿಟಾರ್ ನುಡಿಸುತ್ತೇನೆ. ಡಿಸಿ-30 ಮೂರು ವರ್ಷ ನನ್ನ ಹತ್ತಿರ ಇತ್ತು. ಮ್ಯಾಝ್ 18 ನನ್ನ ಜೊತೆ ನುಡಿಸುವವನದು, ವಾರಕ್ಕೆ ನಾಲ್ಕು ದಿನ ಅದರ ಪಕ್ಕ ಕೂತಿದ್ದೇನೆ.

ನಮ್ಮ ಮನೆಯಲ್ಲಿ ತಂಬೂರಿ ಇತ್ತು, ಮೀರಜಿನಿಂದ ತಂದದ್ದು. ಅದರ ಕುದುರೆಯ ಮೇಲೆ ತಂತಿ ಕೆಳಗೆ ಒಂದು ದಾರ ಇಟ್ಟು ಕೂದಲೆಳೆ ಅಳತೆಯಲ್ಲಿ ಆಚೀಚೆ ಜರುಗಿಸುತ್ತಾರೆ. ಒಂದು ಜಾಗಕ್ಕೆ ಬಂದ ಕೂಡಲೇ ಮಂಕಾಗಿದ್ದ ತಂತಿ ಝುಂ ಅಂತ ಎದ್ದು ನಿಲ್ಲುತ್ತೆ. ಜವಾರಿ ಬಂತು ಅನ್ನುತ್ತಾರೆ. (ನಮ್ಮ ಕಡೆ ಜವಾರಿ ಅಂದರೆ ಕೋಳಿ, ಸವತೆಕಾಯಿ ಕೂಡ. ಅದು ಬೇರೆ ಜವಾರಿ.) ಡಿಸಿ-30ಯ ಮೊದಲ ಚಾನೆಲ್ ಜವಾರಿ ಪೂರ್ತಿ ತೆರೆದಿಟ್ಟ ತಂಬೂರಿ. ಮೇಲಿನ ಸ್ವರಗಳೆಲ್ಲ ಒಂದರ ಮೇಲೊಂದು ಏಳುತ್ತವೆ. ಸ್ಪೀಕರ್ ಬದಲಾಯಿಸಿದರೂ ಅದು ಪೂರ್ತಿ ಹೋಗಲ್ಲ, ನಾನು ಬದಲಾಯಿಸಿ ನೋಡಿದ್ದೇನೆ. ಅದರ ಕಟ್ ಗುಬುಟು (ಮೇಲಿನ ಸ್ವರ ತಗ್ಗಿಸುವುದು) ಆ ದಾರ ಇದ್ದ ಹಾಗೆ. ಟ್ರೆಬಲ್ ಗುಬುಟು ಕೆಲಸ ಮಾಡುವುದು ಮುಂದಿನ ಹಂತದಲ್ಲಿ, ಕಟ್ ಕೆಲಸ ಮಾಡುವುದು ಕೊನೆಯ ಹಂತದಲ್ಲಿ, ಇಎಲ್84ಗಳ ಬಾಗಿಲಲ್ಲಿ. ಮೊದಲ ದಿನ ಅಂಗಡಿಯಲ್ಲಿ ಯಾರೂ ಅದನ್ನು ಮುಟ್ಟಲ್ಲ. ಒಂಟಿಕೊಪ್ಪಲು ಅವರೇ, ನೀವು ಮ್ಯಾಝ್‌ನ ಕಟ್ ಮುಟ್ಟಿದಿರಾ? ಅದಕ್ಕೂ ಕಟ್ ಇದೆ. ಚುಚ್ಚುತ್ತೆ ಅಂದಿರಲ್ಲ, ಅದಕ್ಕೇ ಕೇಳಿದೆ.

ಇಎಫ್86 ಚಾನೆಲ್ ಬಗ್ಗೆ ನಿಮ್ಮ ಬೆಲ್ಲದ ಪಾಕದ ಮಾತು ನಿಜ. ಅದು ಪೆಂಟೋಡ್, ಅಂದರೆ ಒಳಗೆ ಐದು ಎಲೆಕ್ಟ್ರೋಡ್ ಇರುವ ವಾಲ್ವ್. ಸಾಮಾನ್ಯ 12ಎಎಕ್ಸ್7 ವಾಲ್ವಿನ ಒಂದು ಹಂತ ಸಿಗ್ನಲ್ ಹಿಗ್ಗಿಸುವುದರ ಎರಡು ಮೂರು ಪಟ್ಟು ಅದೊಂದೇ ಹಿಗ್ಗಿಸುತ್ತೆ. ಆದರೆ ಅದಕ್ಕೆ ಕಿವಿ ಸೂಕ್ಷ್ಮ. ವಾಕ್ಸ್‌ನವರು ಮೊದಲ ಎಸಿ30ಗಳಲ್ಲಿ ಅದನ್ನು ಹಾಕಿ, ಸ್ಪೀಕರಿನ ಅದುರಿಗೆ ಅದು ತಾನೇ ಕೂಗಲು ಶುರು ಮಾಡಿದ್ದಕ್ಕೆ ತೆಗೆದುಹಾಕಿದರು. ನನ್ನದೂ ಒಂದು ಸಲ ನಾಟಕದ ನಡುವೆ, ರಾಜ ಸಾಯುವ ದೃಶ್ಯದಲ್ಲಿ, ಗಂಟೆ ಬಡಿದ ಹಾಗೆ ಠಣ್ ಅಂತು. ಪ್ರೇಕ್ಷಕರು ಅದೂ ಸಂಗೀತ ಅಂದುಕೊಂಡರು. ಕೊಳ್ಳುವುದಾದರೆ ಆನ್ ಮಾಡಿ ಪೆನ್ಸಿಲ್ಲಿನ ಹಿಂಬದಿಯಿಂದ ಆ ವಾಲ್ವನ್ನು ಮೆಲ್ಲಗೆ ತಟ್ಟಿ ನೋಡಿ. ಟಪ್ ಅಂದರೆ ಪರವಾಗಿಲ್ಲ, ಠಣ್ಣ್ಣ್ ಅಂದರೆ ಬೇರೆ ಹಾಕಿಸಿ.

ಮತ್ತೆ ನಾನ್ಯಾಕೆ ಮಾರಿದೆ? ಭಾರ. ಒಬ್ಬಳೇ ಮೆಟ್ಟಿಲು ಹತ್ತಿಸಲು ಆಗಲಿಲ್ಲ. ಮತ್ತೆ ಮನೆಯಲ್ಲಿ ಅದರ ವಾಲ್ಯೂಮ್ ಗಡಿಯಾರದ ಒಂಬತ್ತು ಗಂಟೆ ದಾಟಿದ್ದೇ ಇಲ್ಲ. ಮಾಸ್ಟರ್ ವಾಲ್ಯೂಮ್ ಇಳಿಸಿ ನುಡಿಸಬಹುದು, ಆದರೆ ಆಗ ಕೇಳುವುದು ಡಿಸಿ-30 ಅಲ್ಲ, ಅದರ ಫೋಟೋ. ಪಕ್ಕದ ಮನೆ ಗೋಡೆ ಮೂರು ಅಡಿ ಆಚೆ ಅಂದಿರಿ. ನೀವು ಎಷ್ಟು ಜೋರಾಗಿ ನುಡಿಸುತ್ತೀರೋ ಅಷ್ಟೇ ಜೋರಿನಲ್ಲಿ ಪರೀಕ್ಷೆ ಮಾಡಿ. ಅಂಗಡಿಯ ಜೋರಿನಲ್ಲಿ ಅಲ್ಲ.

ಒಂಟಿಕೊಪ್ಪಲು_ಟೆಲಿ:

ಮೇಷ್ಟ್ರೇ, ಸಾಧನಕೇರಿ ಮೇಡಂ, ಇಬ್ಬರಿಗೂ ದೊಡ್ಡ ಥ್ಯಾಂಕ್ಸ್. ಶನಿವಾರ ಮಾಡಿಯೇಬಿಟ್ಟೆ.

ಸ್ನೇಹಿತ ಬರಲು ಒಪ್ಪಿದ, ಮಧ್ಯಾಹ್ನದ ಬಿರಿಯಾನಿ ನನ್ನ ಖರ್ಚು. ಗ್ರೀನ್‌ಬ್ಯಾಕ್ ಪೆಟ್ಟಿಗೆ ಅವನ ತಮ್ಮನದು. ಅಂಗಡಿಯವರು ಮೊದಲು ಮುಖ ಸಿಂಡರಿಸಿದರು, ಆಮೇಲೆ ಆ ಹುಡುಗ ನಮಗಿಂತ ಜಾಸ್ತಿ ಉತ್ಸಾಹದಲ್ಲಿ ವೈರ್ ಬದಲಾಯಿಸಲು ನಿಂತ. ಲೂಪರಿನಲ್ಲಿ ಮೂರು ತುಣುಕು ಹಿಡಿದೆ: ಒಂದು ತಿಳಿಯಾದ ಕಾರ್ಡುಗಳು, ಒಂದು ಬೆರಳಿನಿಂದ ಮೀಟಿದ್ದು, ಒಂದು ಜೋರಾಗಿ ಹೊಡೆದದ್ದು. ಜೋರು ಮನೆಯಲ್ಲಿ ಟಿವಿ ಇಡುವಷ್ಟು. ನಾನು ಗೋಡೆ ಕಡೆ ಮುಖ ಮಾಡಿ ಕೂತೆ. ಹಿಂದೆ ಇಬ್ಬರು ಪಿಸುಗುಟ್ಟುತ್ತಿದ್ದರೆ ಶಾಲೆಯಲ್ಲಿ ಶಿಕ್ಷೆ ಕೊಟ್ಟ ಹಾಗಿತ್ತು.

ತಿಳಿಯಾದ ಕಾರ್ಡಿನಲ್ಲಿ ಹತ್ತಕ್ಕೆ ಆರು ಸರಿ ಹೇಳಿದೆ. ಅಂದರೆ ನಾಣ್ಯ ಚಿಮ್ಮಿದ್ದರೂ ಹೆಚ್ಚುಕಮ್ಮಿ ಅಷ್ಟೇ ಬರುತ್ತಿತ್ತು. ಮೂರು ವಾರದಿಂದ ನಿದ್ದೆ ಕೆಡಿಸಿದ "ಗಾಂಭೀರ್ಯ" ಒಂದೇ ಸ್ಪೀಕರಿಗೆ ಬಂದ ಕೂಡಲೇ ಎಲ್ಲಿ ಹೋಯಿತೋ. ಮ್ಯಾಝ್ ಚುಚ್ಚುವುದೂ ನಿಂತಿತು. ಕಟ್ ಗುಬುಟು ನಾನು ಮುಟ್ಟಿರಲೇ ಇಲ್ಲ ಮೇಡಂ, ನಾಚಿಕೆ ಆಯಿತು. ಅದರ ಮೇಲೆ ಬರೆದಿರುವುದು ನೋಡಿ ಏನೋ ಆಫ್ ಮಾಡುವುದು ಅಂದುಕೊಂಡಿದ್ದೆ.

ಬೆರಳಿನಿಂದ ಮೀಟಿದ ತುಣುಕಿನಲ್ಲಿ ಏಳು. ಜೋರಾಗಿ ಹೊಡೆದದ್ದರಲ್ಲಿ ಹತ್ತಕ್ಕೆ ಹತ್ತು. ಅಲ್ಲಿ ನಿಜವಾದ ವ್ಯತ್ಯಾಸ ಇದೆ. ಎರಡರ ದನಿಯೂ ಒಡೆದು ಒರಟಾಗಲು ಶುರುವಾಗುವ ಜಾಗದಲ್ಲಿ ಡಿಸಿ-30 ಮೇಲಕ್ಕೆ ಒಡೆಯುತ್ತೆ, ಗಾಜಿನ ಬಳೆ ಹಾಗೆ. ಮ್ಯಾಝ್ ಮಧ್ಯದಲ್ಲಿ ಒಡೆಯುತ್ತೆ, ಹುರಿಗಡಲೆ ಕಡಿದ ಹಾಗೆ. ಇಎಫ್86 ಚಾನೆಲ್ ಹಾಕಿದಾಗಂತೂ ಕಣ್ಣು ಮುಚ್ಚಿಕೊಂಡೇ ಹೇಳಿದೆ. ಪೆನ್ಸಿಲ್ಲಿನಿಂದ ತಟ್ಟಿದೆವು, ಟಪ್ ಅಂತು, ಚೆನ್ನಾಗಿದೆ.

ಆಮೇಲೆ ಲೂಪರ್ ತೆಗೆದು ನಾನೇ ನುಡಿಸಿದೆ. ಇದನ್ನು ಹೇಗೆ ಹೇಳಲಿ? ಲೂಪರಿನಲ್ಲಿ ಕೇಳದ ಒಂದು ವ್ಯತ್ಯಾಸ ಕೈಗೆ ಗೊತ್ತಾಯಿತು. ಕಿವಿ ಎರಡೂ ಒಂದೇ ಅನ್ನುತ್ತಿದ್ದ ತಿಳಿ ದನಿಯಲ್ಲೂ ಮ್ಯಾಝ್ ಸ್ವಲ್ಪ ಬಗ್ಗುತ್ತೆ. ಗಟ್ಟಿ ಹೊಡೆದರೆ ಮೊದಲು ಹಿಂದೆ ಸರಿದು ಆಮೇಲೆ ಬರುತ್ತೆ. ಡಿಸಿ-30 ನೆಟ್ಟಗೆ ನಿಂತಿರುತ್ತೆ, ಹೊಡೆದ ಕ್ಷಣಕ್ಕೇ ಉತ್ತರ. ಮೇಷ್ಟ್ರೇ, ಇದು ನಿಜವಾ ಅಥವಾ ನನ್ನ ಭ್ರಮೆಯಾ? ಆಗ ನನ್ನ ಕಣ್ಣು ತೆರೆದಿತ್ತು, ಯಾವುದು ಯಾವುದು ಅಂತ ಗೊತ್ತಿತ್ತು.

ವಾಲ್ವ್_ಮೇಷ್ಟ್ರು:

ಅರ್ಧ ನಿಜ, ಅರ್ಧ ಗೊತ್ತಿಲ್ಲ ಅಂತಿಟ್ಟುಕೊಳ್ಳಿ. ವಾಲ್ವ್ ರೆಕ್ಟಿಫೈಯರ್ ಇರುವ ಆಂಪಿನಲ್ಲಿ ಜೋರಾಗಿ ಹೊಡೆದಾಗ ಒಳಗಿನ ವೋಲ್ಟೇಜ್ ಒಂದು ಕ್ಷಣ ಕುಸಿದು ಮತ್ತೆ ಏಳುತ್ತೆ. ನೀವು ಬಗ್ಗುತ್ತೆ ಅಂದದ್ದು ಅದೇ. ಎಷ್ಟು ಕುಸಿಯುತ್ತೆ ಅನ್ನುವುದು ಟ್ರಾನ್ಸ್‌ಫಾರ್ಮರ್ ಎಷ್ಟು ದೊಡ್ಡದು, ಫಿಲ್ಟರ್ ಕೆಪಾಸಿಟರ್ ಎಷ್ಟು ಅನ್ನುವುದರ ಮೇಲೆ ನಿಂತಿದೆ. ಮ್ಯಾಚ್‌ಲೆಸ್ ಕಬ್ಬಿಣಕ್ಕೆ ಜಿಪುಣತನ ಮಾಡಲ್ಲ, ಅದರ ಭಾರ ಸುಮ್ನೆ ಬಂದದ್ದಲ್ಲ. ಆದರೆ ಟಿವಿ ಜೋರಿನಲ್ಲಿ ಈ ಕುಸಿತ ಅಷ್ಟಾಗಿ ಇರಲ್ಲ. ಹಾಗಾಗಿ ಸ್ವಲ್ಪ ಭಾಗ ನಿಮ್ಮ ಕಣ್ಣಿನದೇ. ಪರವಾಗಿಲ್ಲ. ನುಡಿಸುವವನು ನೀವು, ಅಳೆಯುವ ಯಂತ್ರ ಅಲ್ಲ.

ಈಗ ವೋಲ್ಟೇಜ್. ಅಮೆರಿಕದಲ್ಲಿ ಮಾರಿದ ಆಂಪ್ 120 ವೋಲ್ಟಿಗೆ. ಒಳಗಿನ ಪವರ್ ಟ್ರಾನ್ಸ್‌ಫಾರ್ಮರಿಗೆ 230ರ ತಂತಿಯೂ ಬಿಟ್ಟಿದ್ದಾರಾ ಅಂತ ತಯಾರಕರಿಗೇ ಸೀರಿಯಲ್ ನಂಬರ್ ಕೊಟ್ಟು ಕೇಳಿ. ಇದ್ದರೆ ಇಲ್ಲಿ ನಾನೇ ಬದಲಾಯಿಸಿ ಕೊಡುತ್ತೇನೆ. ನೀವು ಮಾತ್ರ ಬಿಚ್ಚಲು ಹೋಗಬೇಡಿ. ಪ್ಲಗ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ 300 ವೋಲ್ಟಿಗಿಂತ ಜಾಸ್ತಿ ಕೂತಿರಬಹುದು.

ಇಲ್ಲದಿದ್ದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್. 500 ವಿಎ ಸಾಮರ್ಥ್ಯದ್ದು ತಗೊಳ್ಳಿ, ಬಿಸಿ ಆಗಲ್ಲ. ಅರ್ಥ್ ಪಿನ್ ನೇರವಾಗಿ ಆಚೆ ಕಡೆಗೂ ಹೋಗಿರಬೇಕು, ಅದು ಇಲ್ಲದ ಮಾಲು ಬೇಡವೇ ಬೇಡ. ಇಲ್ಲೊಂದು ಗುಟ್ಟಿದೆ. ಅಂಗಡಿಯಲ್ಲಿ 230ರಿಂದ 120, 230ರಿಂದ 110 ಎರಡೂ ಸಿಗುತ್ತೆ. ನಮ್ಮಲ್ಲಿ ರಾತ್ರಿ ಹೊತ್ತು ಲೈನ್ 245ಕ್ಕೆ ಏರುವುದು ಮಾಮೂಲು. ಆಗ ಮೊದಲನೆಯದು ಆಂಪಿಗೆ ಸುಮಾರು 128 ಕೊಡುತ್ತೆ, ಎರಡನೆಯದು 117. ಇಎಲ್84ಗಳನ್ನು ಈ ಆಂಪ್‌ಗಳು ಮೊದಲೇ ಬೆವರು ಇಳಿಸಿ ದುಡಿಸುತ್ತವೆ. ಅವಕ್ಕೆ ಇನ್ನೂ ಬೆಂಕಿ ಹಾಕಬೇಡಿ, 110ರದ್ದೇ ತಗೊಳ್ಳಿ. ಕರೆಂಟ್ ಹೋದಾಗ ಹಳೆಯ ಚೌಕ ಅಲೆಯ ಇನ್ವರ್ಟರಿನ ಮೇಲೆ ನುಡಿಸಲು ಹೋಗಬೇಡಿ, ಗುಂಯ್‌ಗುಟ್ಟುತ್ತೆ.

ಇನ್ನು ಸ್ಟೆಪ್‌ಡೌನ್ ವೋಲ್ಟ್ ಇಳಿಸುತ್ತೆ, ಆವರ್ತನ ಬದಲಾಯಿಸಲ್ಲ. ಅಲ್ಲಿ 60 ಹರ್ಟ್ಸ್, ಇಲ್ಲಿ 50. ಬರೀ 60ಕ್ಕೆ ಲೆಕ್ಕ ಹಾಕಿ ಸುತ್ತಿದ ಟ್ರಾನ್ಸ್‌ಫಾರ್ಮರ್ 50ರಲ್ಲಿ ಜಾಸ್ತಿ ಬಿಸಿಯಾಗುತ್ತೆ. ಆಂಪಿನ ಹಿಂದೆ 50/60 ಅಂತ ಬರೆದಿದೆಯಾ ನೋಡಿ, ಇಲ್ಲದಿದ್ದರೆ ಅದನ್ನೂ ಕೇಳಿ.

ಇದೇ ಕಾರಣಕ್ಕೆ ನಿಮ್ಮ ಮನೆಯವರ ಗ್ರೈಂಡರ್ ಅನ್ನು ಅದೇ ಸ್ಟೆಪ್‌ಡೌನಿಗೆ ಸಿಕ್ಕಿಸುವ ಐಡಿಯಾ ನಿಮಗೆ ಬಂದಿದ್ದರೆ ಬಿಟ್ಟುಬಿಡಿ. ಇಂಡಕ್ಷನ್ ಮೋಟರ್ 50ರಲ್ಲಿ ಆರಕ್ಕೆ ಐದು ಪಾಲು ವೇಗದಲ್ಲಿ ತಿರುಗುತ್ತೆ, ಬಿಸಿಯೂ ಜಾಸ್ತಿ. ಉದ್ದಿನ ಹಿಟ್ಟು ಉಬ್ಬಲ್ಲ, ಮನೆಯಲ್ಲಿ ಮಾತು ಉಬ್ಬುತ್ತೆ.

ಇಂಜಿನ್_ರೂಮ್:

ಇದಕ್ಕೇ ನಾನು ಮಾಡೆಲರ್ ಅಂದಿದ್ದು. ಅದರ ಅಡಾಪ್ಟರ್ 100ರಿಂದ 240ರವರೆಗೂ ನಡೆಯುತ್ತೆ. ಸರಿ ಬಿಡಿ, ಹೇಳಿ, ಯಾವುದು ತಗೊಂಡ್ರಿ?

ಒಂಟಿಕೊಪ್ಪಲು_ಟೆಲಿ:

ಮ್ಯಾಝ್ 18.

ಭಾನುವಾರ ಇಡೀ ದಿನ ಡಿಸಿ-30 ಕಡೆಯೇ ವಾಲಿದ್ದೆ, ಸುಳ್ಳು ಹೇಳಲ್ಲ. ಆ ಇಎಫ್86 ಚಾನೆಲ್ ಇನ್ನೂ ಕಿವಿಯಲ್ಲಿದೆ. ಆದರೆ ಮೇಡಂ ಹೇಳಿದ "ಅದರ ಫೋಟೋ" ಅನ್ನೋ ಮಾತು ತಲೆ ಬಿಟ್ಟು ಹೋಗಲಿಲ್ಲ. ಅದು ಚೆನ್ನಾಗಿ ಕೇಳುವ ಜೋರಿನಲ್ಲಿ ಒಂಟಿಕೊಪ್ಪಲಿನಲ್ಲಿ ನಾನು ಒಂದು ಸಂಜೆ ನುಡಿಸಬಹುದು, ಎರಡನೇ ಸಂಜೆ ಅಮ್ಮ ಕೆಳಗೆ ಇಳಿದು ಬರುತ್ತಾರೆ. ಮ್ಯಾಝ್ ತಗೊಂಡು ಉಳಿದ ದುಡ್ಡಿನಲ್ಲಿ ಒಂದು ಗ್ರೀನ್‌ಬ್ಯಾಕ್ ಕೊಂಡೆ. 18 ವಾಟಿಗೆ 25 ವಾಟಿನ ಸ್ಪೀಕರ್, ಮೇಷ್ಟ್ರು ಬೈಯಲ್ಲ ಅಂದುಕೊಂಡಿದ್ದೇನೆ. ವಿಂಟೇಜ್ 30 ಬಿಚ್ಚಿ ಸ್ನೇಹಿತನಿಗೇ ವಾಪಸ್ ಕೊಟ್ಟೆ, ಖುಷಿಯಾದ. ಈಗ ಕಟ್ ಅರ್ಧಕ್ಕಿಂತ ಸ್ವಲ್ಪ ಮೇಲೆ, ಮಿಡ್ ಹನ್ನೊಂದು ಗಂಟೆಗೆ, ರಿವರ್ಬ್ ಇದೆ ಅಂತ ಗೊತ್ತಾಗುವಷ್ಟು ಮಾತ್ರ. ನಿನ್ನೆ ರಾತ್ರಿ ಮಗಳು ಎದ್ದು ಬಂದು ಪಕ್ಕದಲ್ಲಿ ಕೂತಳು, ಏನೂ ಹೇಳಲಿಲ್ಲ, ಅಲ್ಲೇ ನಿದ್ದೆ ಹೋದಳು.

ತಯಾರಕರಿಗೆ ಸೀರಿಯಲ್ ನಂಬರ್ ಬರೆದು ಕಳಿಸಿದ್ದೇನೆ. ಉತ್ತರ ಬಂದರೆ ಇಲ್ಲೇ ಹಾಕುತ್ತೇನೆ.

ಗ್ರೈಂಡರ್ ವಿಷಯವನ್ನೂ ಹೇಳಿಬಿಟ್ಟೆ. "ಇದು ನಿನಗೆ ಯಾವಾಗಿನಿಂದ ಗೊತ್ತು?" ಅಂತ ಕೇಳಿದಳು. ಅದಕ್ಕೆ ಇನ್ನೂ ಸರಿಯಾದ ಉತ್ತರ ಕೊಟ್ಟಿಲ್ಲ. ಎರಡು ಲೀಟರ್, ಕಲ್ಲು ಚೆನ್ನಾಗಿದೆ, ಬೆಲ್ಟ್ ಹೋದ ವರ್ಷ ಬದಲಾಯಿಸಿದ್ದು. ಕ್ಲೀವ್‌ಲ್ಯಾಂಡ್ ಸುತ್ತಮುತ್ತ ಯಾರಿಗಾದರೂ ಬೇಕಿದ್ದರೆ ಮೆಸೇಜ್ ಮಾಡಿ, ಮನೆಗೇ ತಂದುಕೊಡುತ್ತೇನೆ.